ಕ್ಷಯ ಗೆಲ್ಲಲು ಕೆಮ್ಮಿನ ಸಿರಪ್ ಸಾಲದು

ಸ್ಪರ್ಧಾತ್ಮಕ ಪರೀಕ್ಷೆಗೆ ಓದಲೆಂದು ನಾನು ಮೈಸೂರಿನ ಗೋಕುಲಂನಲ್ಲಿ ಒಂದು ಪಿ.ಜಿ. ಸೇರಿದ್ದೆ. ಒಂದು ಕೋಣೆ, ಮೂರು ಮಂಚ, ಒಂದೇ ಕಿಟಕಿ. ಸೊಳ್ಳೆ ಬರುತ್ತವೆಂದು ಅದನ್ನೂ ಮುಚ್ಚಿಡುತ್ತಿದ್ದೆವು. ಪಕ್ಕದ ಮಂಚದ ಗೆಳೆಯನಿಗೆ ಕೆಮ್ಮು ಶುರುವಾಯಿತು. ಮೆಡಿಕಲ್ ಶಾಪ್‌ನಲ್ಲಿ ಸಿರಪ್ ಕೊಟ್ಟರು. ಕಡಿಮೆಯಾಗದೆ ಕ್ಲಿನಿಕ್‌ಗೆ ಹೋದ. ಅಲ್ಲಿ ಮಾತ್ರೆಯ ಜೊತೆ ಇನ್ನೊಂದು ಸಿರಪ್ ಬರೆದುಕೊಟ್ಟರು. ಹೀಗೆ ಏಳು ವಾರ ಕಳೆಯಿತು. ತೂಕ ಇಳಿದು, ಸಂಜೆಯಾದರೆ ಜ್ವರ ಬರತೊಡಗಿದ ಮೇಲೆ ಯಾರೋ ಕಫ ಪರೀಕ್ಷೆ ಮಾಡಿಸಲು ಹೇಳಿದರು. ಕ್ಷಯ ಎಂದು ಗೊತ್ತಾಯಿತು. ಎರಡು ದಿನಗಳಲ್ಲಿ ಕೋಣೆ ಖಾಲಿ ಮಾಡುವಂತೆ ಅವನಿಗೆ ಹೇಳಲಾಯಿತು.

ಇದು ನಡೆದದ್ದು ಎಂಥ ಜಾಗದಲ್ಲಿ ಎಂಬುದನ್ನು ಗಮನಿಸಿ. ಗೋಕುಲಂ ಸಮೀಪದ ಕೆಆರ್‌ಎಸ್ ರಸ್ತೆಯಲ್ಲೇ ಪಿಕೆಟಿಬಿ ಆಸ್ಪತ್ರೆ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸಹೋದರಿ ಕೃಷ್ಣಾಜಮ್ಮಣ್ಣಿ ಕ್ಷಯಕ್ಕೆ ಬಲಿಯಾದರು. ಅವರ ನೆನಪಿಗಾಗಿ 1921ರಲ್ಲಿ ಈ ಆರೋಗ್ಯಧಾಮ ಆರಂಭವಾಯಿತು. ಆಗ ಕ್ಷಯಕ್ಕೆ ಔಷಧಿಯೇ ಇರಲಿಲ್ಲ. ಊರ ಹೊರಗೆ ಶುದ್ಧ ಗಾಳಿ, ಬಿಸಿಲು, ಒಳ್ಳೆಯ ಊಟ, ವಿಶ್ರಾಂತಿ ಇವೇ ಚಿಕಿತ್ಸೆಯಾಗಿದ್ದವು. ಅರಮನೆಯನ್ನೂ ಬಿಡದ ರೋಗವದು. ಇಂದು ಔಷಧಿ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿಯೂ ಸಿಗುತ್ತದೆ. ಆದರೂ ರೋಗ ಹೋಗಿಲ್ಲ.

2025ರೊಳಗೆ ಕ್ಷಯಮುಕ್ತವಾಗಬೇಕೆಂದು ಭಾರತ 2018ರಲ್ಲಿ ಗುರಿ ಹಾಕಿಕೊಂಡಿತ್ತು. ವಿಶ್ವಸಂಸ್ಥೆಯ ಗುರಿಗಿಂತ ಇದು ಐದು ವರ್ಷ ಮುಂಚೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ದೇಶದಲ್ಲಿ 2015ರಲ್ಲಿ ಲಕ್ಷ ಜನರಿಗೆ 237ರಷ್ಟಿದ್ದ ಹೊಸ ರೋಗಿಗಳ ಪ್ರಮಾಣ 2024ರಲ್ಲಿ 187ಕ್ಕೆ ಇಳಿದಿದೆ. ಇದು ಸಣ್ಣ ಸಾಧನೆಯಲ್ಲ, ಆದರೆ ಗುರಿ ಇನ್ನೂ ಬಹಳ ದೂರವಿದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಈಗಲೂ ನಮ್ಮವರೇ.

ಎಡವುತ್ತಿರುವುದು ಎಲ್ಲಿ?

ಉತ್ತರ ನಮ್ಮ ರಾಜ್ಯದಲ್ಲೇ ಅರವತ್ತು ವರ್ಷಗಳ ಹಿಂದೆ ಸಿಕ್ಕಿತ್ತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆ ಆಗ ಇತ್ತು. ಅಧ್ಯಯನ ಕಂಡದ್ದು ಬೇರೆಯೇ. ಸೋಂಕು ಹರಡಬಲ್ಲ ರೋಗಿಗಳಲ್ಲಿ ಅರ್ಧದಷ್ಟು ಜನ ತಾವಾಗಿಯೇ ಸರ್ಕಾರಿ ಆಸ್ಪತ್ರೆಗೆ ಬಂದಿದ್ದರು. ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿ ಮಾತ್ರ. ನನ್ನ ಗೆಳೆಯನ ಕಥೆಯೂ ಇದೇ ಅಲ್ಲವೇ? ತಪ್ಪು ರೋಗಿಯದಲ್ಲ. ಮೊದಲ ಕೆಮ್ಮಿಗೂ ಮೊದಲ ಪರೀಕ್ಷೆಗೂ ನಡುವೆ ವಾರಗಟ್ಟಲೆ ಅಂತರ ಬೀಳುತ್ತಿದೆ. ಆ ವಾರಗಳಲ್ಲೇ ರೋಗ ಕೋಣೆಯಿಂದ ಕೋಣೆಗೆ ಹರಡುತ್ತದೆ.

ಹಾಗಾದರೆ ಏನು ಮಾಡಬಹುದು? ನನಗೆ ತೋಚಿದ ನಾಲ್ಕು ದಾರಿಗಳು ಇವು.

ಒಂದು, ಸಿರಪ್‌ಗಿಂತ ಮೊದಲು ಪರೀಕ್ಷೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಸೂಕ್ಷ್ಮದರ್ಶಕದ ಕಣ್ಣಿಗೆ ತಪ್ಪಿದ ರೋಗಾಣುವನ್ನೂ ಸಿಬಿನ್ಯಾಟ್, ಟ್ರೂನ್ಯಾಟ್ ಯಂತ್ರಗಳು ಕೆಲವೇ ಗಂಟೆಗಳಲ್ಲಿ ಪತ್ತೆ ಮಾಡುತ್ತವೆ. ಕೆಮ್ಮಿದವರು ಮೊದಲು ಹೋಗುವುದು ಮೆಡಿಕಲ್ ಶಾಪ್‌ಗೆ. ಎರಡನೇ ಬಾಟಲಿ ಕೇಳಿದವರಿಗೆ ಪರೀಕ್ಷಾ ಕೇಂದ್ರದ ವಿಳಾಸದ ಚೀಟಿ ಕೊಡುವ ವ್ಯವಸ್ಥೆಯನ್ನು ಪಾಲಿಕೆ ಮತ್ತು ಆರೋಗ್ಯ ಇಲಾಖೆ ಮಾಡಬಹುದು. ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ.

ಎರಡು, ಹೊರಹಾಕುವುದು ನಿಲ್ಲಬೇಕು. ಮದ್ರಾಸಿನಲ್ಲಿ 1950ರ ದಶಕದ ಕೊನೆಯಲ್ಲಿ ನಡೆದ ಪ್ರಸಿದ್ಧ ಪ್ರಯೋಗವೊಂದು ಆರೋಗ್ಯಧಾಮದಲ್ಲಿದ್ದವರನ್ನೂ ಮನೆಯಲ್ಲೇ ಮಾತ್ರೆ ನುಂಗಿದವರನ್ನೂ ಹೋಲಿಸಿತು. ಇಬ್ಬರೂ ಹೆಚ್ಚುಕಡಿಮೆ ಒಂದೇ ರೀತಿ ಗುಣವಾದರು. ಮನೆಯಲ್ಲಿ ಚಿಕಿತ್ಸೆ ಪಡೆದವರ ಕುಟುಂಬಕ್ಕೆ ಅದರಿಂದ ಹೆಚ್ಚಿನ ಅಪಾಯವೂ ಆಗಲಿಲ್ಲ. ಸರಿಯಾದ ಔಷಧಿ ಆರಂಭವಾದ ಕೆಲವೇ ವಾರಗಳಲ್ಲಿ ರೋಗ ಹರಡುವ ಸಾಧ್ಯತೆ ತೀರಾ ಕಡಿಮೆಯಾಗುತ್ತದೆ. ಅಪಾಯವಿರುವುದು ಪತ್ತೆಯಾಗದ ರೋಗಿಯಿಂದ. ಪತ್ತೆಯಾದವರನ್ನು ಹೊರಗೆ ಹಾಕಿದರೆ ಉಳಿದವರು ಕೆಮ್ಮನ್ನೇ ಮುಚ್ಚಿಡುತ್ತಾರೆ. ಆದ್ದರಿಂದ ಪಿ.ಜಿ. ಪರವಾನಗಿಯಲ್ಲಿಯೇ ಕಿಟಕಿ, ಗಾಳಿ ಮತ್ತು ಮಂಚಗಳ ಮಿತಿಯ ಜೊತೆಗೆ ರೋಗದ ಕಾರಣಕ್ಕೆ ಯಾರನ್ನೂ ತೆಗೆದುಹಾಕಬಾರದೆಂಬ ಷರತ್ತು ಇರಲಿ. ಕಾಲೇಜುಗಳು ಹಾಜರಾತಿಯಲ್ಲಿ ವಿನಾಯಿತಿ ಕೊಡಲಿ.

ಮೂರು, ಅನ್ನವೂ ಔಷಧಿಯೇ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ರೋಗಿಗಷ್ಟೇ ಅಲ್ಲದೆ ಮನೆಯವರಿಗೂ ಅಕ್ಕಿ, ಬೇಳೆ ಕೊಟ್ಟಾಗ ಆ ಮನೆಗಳಲ್ಲಿ ಹೊಸ ಕ್ಷಯ ಪ್ರಕರಣಗಳು ಶೇ 39ರಷ್ಟು ಕಡಿಮೆಯಾದವು. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಗೆ ಸಿಗುತ್ತಿದ್ದ ತಿಂಗಳ 500 ರೂಪಾಯಿ 2024ರ ನವೆಂಬರ್‌ನಿಂದ 1,000 ಆಗಿದೆ. ದಿನಕ್ಕೆ 33 ರೂಪಾಯಿ ಲೆಕ್ಕ. ಮೊಟ್ಟೆ, ಹಾಲು, ಬೇಳೆಗೆ ಇದು ಎಷ್ಟು ದಿನ ಬಂದೀತು? ನ್ಯಾಯಬೆಲೆ ಅಂಗಡಿಗಳ ಮೂಲಕ ಅನ್ನಭಾಗ್ಯದ ಪಡಿತರ ಹಂಚುವ ರಾಜ್ಯ ನಮ್ಮದು. ಚಿಕಿತ್ಸೆಯ ಆರು ತಿಂಗಳು ರೋಗಿಯ ಇಡೀ ಮನೆಗೆ ಹೆಚ್ಚುವರಿ ಬೇಳೆಕಾಳು ಕೊಡುವುದು ನಮಗೆ ಕಷ್ಟವಾಗಬಾರದು.

ನಾಲ್ಕು, ಕೋಣೆಯ ಗೆಳೆಯರೂ ಮನೆಯವರೇ. ರೋಗ ಪತ್ತೆಯಾದಾಗ ಮನೆಯವರನ್ನು ತಪಾಸಣೆ ಮಾಡುತ್ತಾರೆ. ಊರು ಬಿಟ್ಟು ಬಂದ ನಮ್ಮಂಥವರ ಮನೆ ಯಾವುದು? ಎಂಟು ಗಂಟೆ ಜೊತೆಗೆ ಮಲಗುವ ಆ ಮೂರು ಮಂಚದ ಕೋಣೆ ತಾನೆ? ಹಾಸ್ಟೆಲ್, ಪಿ.ಜಿ., ಕೋಚಿಂಗ್ ಕೇಂದ್ರಗಳ ಸಹವಾಸಿಗಳಿಗೂ ತಪ್ಪದೆ ತಪಾಸಣೆ ಮತ್ತು ಅಗತ್ಯವಿದ್ದರೆ ರೋಗ ತಡೆಯುವ ಚಿಕಿತ್ಸೆ ಸಿಗಬೇಕು. 2012ರಿಂದ ಕ್ಷಯ ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕಾದ ರೋಗ. ಖಾಸಗಿ ವೈದ್ಯರೂ ಇದನ್ನು ಪಾಲಿಸಿದರೆ ಮಾತ್ರ ಈ ಸರಪಳಿ ಪೂರ್ಣವಾಗುತ್ತದೆ.

ಇವುಗಳಲ್ಲಿ ಬಹುಪಾಲು ಸರ್ಕಾರದ ಕೆಲಸ ನಿಜ. ಆದರೆ ಕಿಟಕಿ ತೆರೆಯುವುದು, ಕೆಮ್ಮುವ ಗೆಳೆಯನನ್ನು ಪರೀಕ್ಷೆಗೆ ಕರೆದೊಯ್ಯುವುದು ನಮ್ಮ ಕೈಯಲ್ಲೇ ಇದೆ. ಸಂದೇಹವಿದ್ದರೆ 1800-11-6666 ಉಚಿತ ಸಹಾಯವಾಣಿಗೆ ಕರೆ ಮಾಡಬಹುದು.

ನನ್ನ ಗೆಳೆಯ ಊರಿನಲ್ಲೇ ಇದ್ದು ಆರು ತಿಂಗಳ ಮಾತ್ರೆ ಮುಗಿಸಿದ. ಈಗ ಆರೋಗ್ಯವಾಗಿದ್ದಾನೆ. ಆದರೆ ಆ ವರ್ಷದ ಪರೀಕ್ಷೆ ಅವನ ಕೈತಪ್ಪಿತು. ಅವನು ಕೆಮ್ಮುತ್ತಿದ್ದ ಆ ಏಳು ವಾರ ಪಕ್ಕದಲ್ಲೇ ಇದ್ದ ನಾನು ಒಮ್ಮೆಯೂ ‘ಕಫ ಪರೀಕ್ಷೆ ಮಾಡಿಸೋಣ ಬಾ’ ಎನ್ನಲಿಲ್ಲ. ನಿಮ್ಮ ಪಕ್ಕದ ಮಂಚದಿಂದ ಕೆಮ್ಮು ಕೇಳಿಸಿದರೆ ನೀವಾದರೂ ಆ ಮಾತು ಹೇಳಿ.