ಅಜ್ಜಿಗೆ ನಿದ್ದೆ ಬಂತು ಸಾರ್

ಮಕ್ಕಳೇ, ನವೆಂಬರ್ ಬಂತೆಂದರೆ ಗ್ರಂಥಾಲಯಗಳಿಗೆ ಹಬ್ಬ. 14ಕ್ಕೆ ಮಕ್ಕಳ ದಿನ. ಅವತ್ತೇ ಶುರುವಾಗುವ ಗ್ರಂಥಾಲಯ ಸಪ್ತಾಹ 20ರವರೆಗೆ ನಡೆಯುತ್ತದೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಸಪ್ತಾಹದಲ್ಲಿ ನಾನು ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಜಾನಪದ ಕಥೆ ಹೇಳುವ ಸ್ಪರ್ಧೆಗೆ ನಾನೂ ಒಬ್ಬ ತೀರ್ಪುಗಾರ. ಹಳ್ಳಿಯ ಹೆಸರು ಬೇಡ. ತಪ್ಪು ಮಾಡಿದವನು ನಾನು, ಊರಿನ ಹೆಸರು ಯಾಕೆ ಕೆಡಬೇಕು?

ಪಂಚಾಯಿತಿಯ ಪಕ್ಕದಲ್ಲೊಂದು ಕೋಣೆ, ಬಾಗಿಲ ಮೇಲೆ ‘ಅರಿವು ಕೇಂದ್ರ’ ಎಂಬ ಬರಹ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಬಂದ ಮೇಲೆ ಹಳ್ಳಿಯ ಶಾಲಾ ಮಕ್ಕಳಿಗೆ ಇಂಥ ಗ್ರಂಥಾಲಯಗಳ ಸದಸ್ಯತ್ವ ಉಚಿತ. ಅಂದು ಕೋಣೆ ತುಂಬಿ ಕಿಟಕಿಯಲ್ಲೂ ತಲೆಗಳಿದ್ದವು. ಗೋಡೆಯಲ್ಲಿ ‘ನಿಶ್ಶಬ್ದವಾಗಿರಿ’ ಎಂಬ ಫಲಕ, ಅದರ ಕೆಳಗೇ ಕಥೆ ಹೇಳುವ ಸ್ಪರ್ಧೆ!

ನಮ್ಮ ಕೈಗೆ ಅಂಕದ ಹಾಳೆ ಕೊಟ್ಟಿದ್ದರು. ಕಥೆಯ ಆಯ್ಕೆ, ಉಚ್ಚಾರಣೆ, ಹಾವಭಾವ, ಮುಕ್ತಾಯ. ಒಂದೊಂದಕ್ಕೂ ಐದು ಅಂಕ. ಮೊದಲು ಬಂದವನು ಆಮೆ ಮೊಲದ ಕಥೆ ಹೇಳಿದ. ಎರಡನೆಯವಳದು ಕೋತಿ ಮೊಸಳೆ. ಮೂರನೆಯವನದು ಮತ್ತೆ ಆಮೆ ಮೊಲ, ಕೈ ಎತ್ತುವ ಜಾಗವೂ ಅದೇ. ಇಬ್ಬರೂ ಒಂದೇ ಮೊಬೈಲ್ ನೋಡಿ ಕಲಿತಿದ್ದರು ಅಂತ ಕಾಣುತ್ತದೆ. ಕಥೆಗಳೇನೋ ಒಳ್ಳೆಯವೇ. ಆದರೆ ಆ ಮೊಲ ಗ್ರೀಸಿನ ಈಸೋಪನ ಮನೆಯದು, ಕೋತಿ ಪಂಚತಂತ್ರದ್ದು. ಈ ಊರಿನದು ಯಾವುದು ಅಂತ ಕಾಯುತ್ತಿದ್ದೆ.

ಆಗ ಎದ್ದು ಬಂದವಳು ಆರನೇ ಕ್ಲಾಸಿನ ಹುಡುಗಿ. ಕೈ ಎರಡೂ ಪಕ್ಕಕ್ಕೆ ಅಂಟಿಕೊಂಡಿದ್ದವು. ನೇರವಾಗಿ ನಮಗೇ ಹೇಳಿದಳು: “ಹ್ಞೂಂ ಅನ್ಬೇಕು ಸಾರ್. ಅನ್ನದಿದ್ರೆ ಕತೆ ಮುಂದಕ್ಕೋಗಲ್ಲ.”

ನಾವು ಮೂವರೂ ‘ಹ್ಞೂಂ’ ಎಂದೆವು.

ಏಳು ಜನ ಅಣ್ಣಂದಿರು, ಅವರಿಗೊಬ್ಬಳು ತಂಗಿ. ಅಣ್ಣಂದಿರು ವ್ಯಾಪಾರಕ್ಕೆ ಹೋದರು. ಅತ್ತಿಗೆಯರು ರಾಗಿಯನ್ನು ಮಣ್ಣಿಗೆ ಸುರಿದು, ಒಂದು ಕಾಳೂ ಬಿಡದೆ ಆರಿಸು ಎಂದರು. ಅವಳು ಅಳುತ್ತ ಕೂತಾಗ ಇರುವೆಗಳು ಬಂದು ಆರಿಸಿಕೊಟ್ಟವು. ತೂತು ಬಿಂದಿಗೆಯಲ್ಲಿ ನೀರು ತಾ ಎಂದರು. ಹುಡುಗಿ ತಂಗಿಯನ್ನು ಹಾಗಲವಾಡಿ ಕೆರೆಗೇ ಕಳಿಸಿದಳು! ಅಲ್ಲಿನ ಕಪ್ಪೆಗಳು ತೂತಿಗೆ ಒತ್ತಿಕೊಂಡು ಕೂತವು. ಆಮೇಲೆ, ಹಗ್ಗವಿಲ್ಲದೆ ಸೌದೆ ಹೊರೆ ತಾ ಎಂದರು. ಒಂದು ಹಾವು ಬಂದು ಹೊರೆಗೆ ಸುತ್ತಿಕೊಂಡಿತು. ತಂಗಿ ಹೊರೆಯನ್ನು ಅಂಗಳದಲ್ಲಿ ಇಳಿಸಿದಳು. ಹಿರೀ ಅತ್ತಿಗೆ ಬಿಚ್ಚೋದಕ್ಕೆ ಅಂತ ಕೈ ಚಾಚಿದಳು...

“ಹ್ಞೂಂ?” ಎಂದೆವು.

“ಅಷ್ಟೇ ಸಾರ್. ಇಲ್ಲಿಗೆ ಅಜ್ಜಿಗೆ ನಿದ್ದೆ ಬಂತು.”

ಬೆಳಿಗ್ಗೆ ಎದ್ದು ಕೇಳಬಹುದಿತ್ತಲ್ಲ ಎಂದರೆ, “ಹಗಲೊತ್ತು ಹೇಳಲ್ಲ ಸಾರ್. ಹಗಲು ಕತೆ ಹೇಳಿದ್ರೆ ಸೋದರಮಾವ ದಾರಿ ತಪ್ತಾನಂತೆ” ಎಂದಳು. ನಾವು ಸ್ಪರ್ಧೆ ಇಟ್ಟುಕೊಂಡಿದ್ದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಎಷ್ಟು ಜನ ಮಾವಂದಿರು ದಾರಿ ತಪ್ಪಿದರೋ!

ಅಷ್ಟರಲ್ಲಿ ಕಿಟಕಿಯಾಚೆಯಿಂದ ಒಬ್ಬ ಮುದುಕಿ, “ಹಾವು ಹಿರೀ ಸೊಸೆನ ಕಚ್ತು ಕಣವ್ವ, ಅಲ್ಲಿಗೆ ಮುಗೀತು” ಎಂದಳು. ಹುಡುಗಿ ತಿರುಗಿ ನಿಂತು, “ನಮ್ಮಜ್ಜಿ ಹಾವು ಕಚ್ಚಲ್ಲ” ಎಂದಳು. ಇನ್ಯಾರೋ, ಕಚ್ಚಲಿಲ್ಲ, ಅಣ್ಣಂದಿರು ಬಂದುಬಿಟ್ಟರು ಎಂದರು. ಕೋಣೆಯೆಲ್ಲ ಗಲಾಟೆ. ಮೇಲ್ವಿಚಾರಕಿ ಮೇಜು ಕುಟ್ಟಿ ‘ನಿಶ್ಶಬ್ದ’ ಎಂದರು. ನಾನು ಅಂಕದ ಹಾಳೆ ನೋಡಿದೆ. ಹಾವಭಾವ ಒಂದು, ಮುಕ್ತಾಯ ಸೊನ್ನೆ. ಬಹುಮಾನ ಮೊದಲನೇ ಆಮೆ ಮೊಲಕ್ಕೆ ಹೋಯಿತು.

ಬಸ್ಸಿನಲ್ಲಿ ವಾಪಸು ಬರುವಾಗ ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಕಥೆಯೊಂದು ನೆನಪಾಯಿತು. ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಕಟ್ಟಿ, ಅವಳು ಮಲಗಿದ್ದಾಗ ಬಾಯಿಂದ ಹೊರಬಂದವು. ಕಥೆ ಬಾಗಿಲಲ್ಲಿ ಜೋಡಿನ ರೂಪದಲ್ಲಿ ಕೂತಿತು, ಹಾಡು ಕೋಟಾಗಿ ಗೂಟಕ್ಕೆ ನೇತುಬಿತ್ತು. ಮನೆಗೆ ಬಂದ ಗಂಡ ಯಾರ ಜೋಡು, ಯಾರ ಕೋಟು ಅಂತ ಜಗಳ ತೆಗೆದ. ಕೊನೆಗೆ ಅವನಿಗೆ ನಿಜ ತಿಳಿದು, ಕಥೆ ಹೇಳು ಎಂದಾಗ ಅವಳಿಗೆ ಅದು ಮರೆತೇ ಹೋಗಿತ್ತು. ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕ ನೋಡಿದ ಅಪ್ಪ ಅಮ್ಮಂದಿರಿಗೆ ಈ ಕಥೆಯ ಗುರುತು ಹತ್ತೀತು.

ಬಸ್ಸು ಗುಬ್ಬಿಯಲ್ಲಿ ನಿಂತಿತು. ಆ ಊರಿಗೆ ಹೆಸರು ಹೇಗೆ ಬಂತು ಗೊತ್ತಾ? ಅಲ್ಲಿ ದಿನಾ ಪುರಾಣ ನಡೆಯುತ್ತಿದ್ದಾಗ ಎರಡು ಗುಬ್ಬಿಗಳು ತಪ್ಪದೆ ಬಂದು ಕೇಳುತ್ತಿದ್ದವಂತೆ. ಪುರಾಣ ಮುಗಿದ ದಿನ ಅಲ್ಲೇ ಬಿದ್ದು ಪ್ರಾಣ ಬಿಟ್ಟವಂತೆ. ಜನ ಹೇಳುವ ಮಾತಿದು. ಪುರಾಣ ಹೇಳಿದವರ ಹೆಸರನ್ನಲ್ಲ, ಕೇಳಿದ ಹಕ್ಕಿಯ ಹೆಸರನ್ನು ಊರಿಗೆ ಇಟ್ಟುಕೊಂಡರಲ್ಲ! ನಮ್ಮ ಹಾಳೆಯಲ್ಲಿ ಕೇಳಿಸಿಕೊಂಡು ಬಂದದ್ದಕ್ಕೆ ಒಂದು ಅಂಕವೂ ಇರಲಿಲ್ಲ.

ನಿಮ್ಮೂರ ಗ್ರಂಥಾಲಯದಲ್ಲಿ ಇಂಥ ಸ್ಪರ್ಧೆ ಇದ್ದರೆ ಬಾಯಿಪಾಠ ಮಾಡಬೇಡಿ. ರಾತ್ರಿ ಊಟ ಆದ ಮೇಲೆ ಅಜ್ಜಿಯ ಪಕ್ಕ ಕೂತು ಹ್ಞೂಂ ಅನ್ನಿ. ಅಜ್ಜಿ ಇಲ್ಲದಿದ್ದರೆ ಪಕ್ಕದ ಮನೆ ತಾತ, ಕುರಿ ಕಾಯುವ ಮಾವ, ಯಾರಾದರೂ ಆದೀತು. ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಯಾರು ಹೇಳಿದರು, ಅವರು ಯಾರಿಂದ ಕೇಳಿದ್ದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿದ್ದೆ ಬಂದರೆ ಮಾರನೇ ರಾತ್ರಿ ಮತ್ತೆ ಹೋಗಿ. ಸ್ಪರ್ಧೆಯ ಹಿಂದಿನ ರಾತ್ರಿಗೆ ಮಾತ್ರ ಉಳಿಸಿಕೊಳ್ಳಬೇಡಿ.

ವಾರದ ಮೇಲೆ ಮೇಲ್ವಿಚಾರಕಿ ಫೋನ್ ಮಾಡಿ ಆ ಹುಡುಗಿಯ ಕೈಗೆ ಕೊಟ್ಟರು. ಹೊರಗೆ ಕತ್ತಲಾಗಿತ್ತು. ನಾನು ಹ್ಞೂಂ ಎಂದೆ.

“ಅತ್ತಿಗೆ ಕೈ ಚಾಚಿದಳು ಸಾರ್. ಆಗ ತಂಗಿ, ಅಕ್ಕಾ ತಡಿ ಅಂತ ಹೊರೆನ ಒಂದ್ಸಲ ಕೊಡವಿದಳು. ಹಾವು ಇಳಿದು ಹುತ್ತಕ್ಕೋಯ್ತು. ಅತ್ತಿಗೆ ಅವಳನ್ನ ತಬ್ಕೊಂಡು ಅತ್ಲು. ಅದಕ್ಕೇ ನಮ್ಮನೇಲಿ ಈಗ್ಲೂ ಸೌದೆ ಹೊರೆ ಬಿಚ್ಚೋಕ್ಮುಂಚೆ ಒಂದ್ಸಲ ಕೊಡವ್ತೀವಿ ಸಾರ್.”