ಕಡಿಮೆ ಅಂಕದ ಹಿಂದಿನ ಮನೆ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದಾಗಲೆಲ್ಲ ರಾಯಚೂರು, ಯಾದಗಿರಿ, ಕಲಬುರಗಿಯ ಹೆಸರನ್ನು ಪಟ್ಟಿಯ ತಳದಲ್ಲಿ ಹುಡುಕುವುದು ರೂಢಿಯಾಗಿಬಿಟ್ಟಿದೆ. ನಾಲ್ಕು ದಿನ ಚರ್ಚೆ ನಡೆಯುತ್ತದೆ, ಶಿಕ್ಷಕರಿಗೆ ನೋಟಿಸ್ ಹೋಗುತ್ತದೆ, ಆಮೇಲೆ ಊರು ಮರೆಯುತ್ತದೆ. ಕಡಿಮೆ ಅಂಕ ತೆಗೆದ ಮಕ್ಕಳು ಮಾತ್ರ ಆ ಅಂಕಪಟ್ಟಿಯನ್ನು ಹೋದಲ್ಲೆಲ್ಲ ತೋರಿಸಬೇಕಾಗುತ್ತದೆ. ಅವರು ಮುಂದೆ ಏನು ಓದಬೇಕು, ಎಲ್ಲಿ ಓದಬೇಕು ಎಂಬುದನ್ನು ಆ ಅಂಕವೊಂದೇ ತೀರ್ಮಾನಿಸುವುದು ಅನ್ಯಾಯ ಎಂದು ನಾನು ನಂಬುತ್ತೇನೆ.

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ ಕಡೆಯ ಒಣಬೇಸಾಯದ ಹಳ್ಳಿಯೊಂದರ ಶಾಲೆಯ ಹಾಜರಿ ಪುಸ್ತಕವನ್ನು ತೆರೆದು ನೋಡಬೇಕು. ಜೂನ್, ಜುಲೈನಲ್ಲಿ ತುಂಬಿದ ಸಾಲುಗಳು ಹತ್ತಿ ಬಿಡಿಸುವ ಕಾಲಕ್ಕೆ ಖಾಲಿಯಾಗುತ್ತ ಹೋಗುತ್ತವೆ. ಸುಗ್ಗಿ ಮುಗಿದ ಮೇಲೆ ಅಪ್ಪ, ಅವ್ವ ಬೆಂಗಳೂರಿಗೋ ಪುಣೆಗೋ ಗುಳೆ ಹೋದರೆ ರೊಟ್ಟಿ ಬಡಿಯುವುದು, ನೀರು ತರುವುದು, ಎಮ್ಮೆಗೆ ಮೇವು ಹಾಕುವುದು, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು ಎಲ್ಲವೂ ಮನೆಯ ಹಿರಿಯ ಮಗಳ ಪಾಲಿಗೆ. ಸಿಂಧನೂರಿನ ನೀರಾವರಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ನಾಟಿಗೆ ಹೆಣ್ಣಾಳು ಬೇಕು. ನಸುಕಿನಲ್ಲಿ ಟಂಟಂ ಹತ್ತಿ ಹೋಗುವವರಲ್ಲಿ ಶಾಲೆಗೆ ಹೋಗಬೇಕಾದ ವಯಸ್ಸಿನವರೂ ಇರುತ್ತಾರೆ. ಇಂಥ ಮನೆಯಿಂದ ಬಂದು ಶೇ 45 ಅಂಕ ತೆಗೆದ ಹುಡುಗಿಯನ್ನೂ, ಧಾರವಾಡ, ಮಂಗಳೂರಿನ ಹಾಸ್ಟೆಲ್‌ನಲ್ಲಿದ್ದು ಕೋಚಿಂಗ್ ಪಡೆದು ಶೇ 85 ತೆಗೆದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಮೊದಲನೆಯವಳು ದಡ್ಡಿ ಎಂದರೆ ಅದು ಯಾವ ಲೆಕ್ಕ?

ಪ್ರದೇಶಗಳ ನಡುವಿನ ಅಸಮಾನತೆಯನ್ನು ಸರ್ಕಾರ ಒಪ್ಪಿಕೊಂಡಿದೆ. 2012ರಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಬಂತು. ಅದರಡಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಇಲ್ಲಿನವರಿಗೆ ಮೀಸಲು. ದೊಡ್ಡ ಹೋರಾಟದ ಫಲ ಇದು, ಎಷ್ಟೋ ಮನೆಗಳಿಗೆ ಡಾಕ್ಟರು, ಎಂಜಿನಿಯರುಗಳನ್ನು ಕೊಟ್ಟಿದೆ. ಆದರೆ ಪ್ರದೇಶದೊಳಗಿನ ಅಂತರವನ್ನು ಅದು ಅಳೆಯುವುದಿಲ್ಲ. ಸಿಂಧನೂರಿನಲ್ಲಿ ಎರಡು ಬೆಳೆ ಭತ್ತ ಬೆಳೆಯುವ ಜಮೀನುದಾರರ ಮಗನೂ, ಹೊಲಕ್ಕೆ ನೀರು ತರುವ 5ಎ ಕಾಲುವೆ ಬೇಕೆಂದು ಧರಣಿ ಕೂತ ಮಸ್ಕಿ ಸೀಮೆಯ ಒಣಭೂಮಿ ರೈತನ ಮಗಳೂ ಒಂದೇ ಪ್ರಮಾಣಪತ್ರ ಹಿಡಿದು ಒಂದೇ ಸೀಟಿಗೆ ನಿಲ್ಲುತ್ತಾರೆ. ಆ ಸೀಟು ಯಾರ ಪಾಲಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಪ್ರವೇಶದಲ್ಲಿ ಮನೆಯ ಪರಿಸ್ಥಿತಿಗೂ ಒಂದಿಷ್ಟು ಅಂಕ ಸಿಗಬೇಕು. ಇದು ಹೊಸ ತತ್ವವೇನಲ್ಲ. ಸಿಇಟಿ ಪ್ರವೇಶದಲ್ಲಿ ಗ್ರಾಮೀಣ ಭಾಗದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಹಿಂದಿನಿಂದ ಇದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಹಿಂದುಳಿದ ಜಿಲ್ಲೆಗಳಿಂದ ಬಂದವರಿಗೆ ಹೆಚ್ಚುವರಿ ಅಂಕ ಕೊಡುವ ಪದ್ಧತಿಯನ್ನು ದಶಕಗಳ ಹಿಂದೆಯೇ ತಂದಿತ್ತು. ಅದೇ ದಾರಿಯಲ್ಲಿ ಗುಳೆ ಹೋದ ಕುಟುಂಬ, ತಂದೆ ಅಥವಾ ತಾಯಿ ಇಲ್ಲದ ಮನೆ, ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ಇವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಗುಣಮಟ್ಟ ಕುಸಿಯುತ್ತದೆ ಎಂಬ ಆಕ್ಷೇಪ ಬರುತ್ತದೆ. ಪ್ರವೇಶ ಸಡಿಲವಾದರೂ ಪದವಿಯ ಪರೀಕ್ಷೆ ಎಲ್ಲರಿಗೂ ಒಂದೇ. ಅಲ್ಲಿ ಪಾಸಾದವರಿಗಷ್ಟೇ ಪದವಿ. ಸುಳ್ಳು ಪ್ರಮಾಣಪತ್ರಗಳ ಭಯ ನಿಜವಾದದ್ದು. ಅದಕ್ಕೇ ಹೊಸದೊಂದು ಸರ್ಟಿಫಿಕೇಟು ಸೃಷ್ಟಿಸುವುದು ಬೇಡ. ವರ್ಷಗಟ್ಟಲೆ ಬರೆದಿಟ್ಟ ಹಾಜರಿ ಪುಸ್ತಕ, ಮರಣ ಪ್ರಮಾಣಪತ್ರ, ಪಡಿತರ ಚೀಟಿ ಇವುಗಳನ್ನೇ ನೋಡಿದರೆ ಸಾಕು.

ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ತಾಲ್ಲೂಕುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಪಿಯುಸಿ ಪಾಸಾದವರಿಗೆ ಬಿ.ಎ. ಸೀಟು ಕಷ್ಟವಲ್ಲ. ಕಷ್ಟ ಇರುವುದು ಬೇಕಾದ ವಿಷಯ ಸಿಗುವುದರಲ್ಲಿ, ಸಿಕ್ಕ ಮೇಲೆ ಉಳಿಯುವುದರಲ್ಲಿ. ಮೊದಲ ವರ್ಷ ಇಂಗ್ಲಿಷ್, ಗಣಿತಕ್ಕೆ ಸೇತುಬಂಧ ತರಗತಿ ಬೇಕು, ಹಾಸ್ಟೆಲ್‌ನಲ್ಲಿ ಜಾಗ ಬೇಕು. ಸ್ನಾತಕೋತ್ತರ ಪ್ರವೇಶದಲ್ಲಿ ಮನೆಯ ಪರಿಸ್ಥಿತಿಗೆ ಅಂಕ ಕೊಡುವ ಪದ್ಧತಿಯನ್ನು ಮೊದಲು ಆರಂಭಿಸುವ ಹೊಣೆ ರಾಯಚೂರು ಬಳಿಯ ಯರಗೇರಾದಲ್ಲಿರುವ ವಿಶ್ವವಿದ್ಯಾಲಯದ್ದು. ರಾಯಚೂರು, ಯಾದಗಿರಿ ಜಿಲ್ಲೆಗಳಿಗಾಗಿಯೇ ಹುಟ್ಟಿದ ಸಂಸ್ಥೆ ಅದು.

ಪಿಯುಸಿಯಲ್ಲಿ ಒಂದೇ ವರ್ಷ ಮತ್ತೆ ಪರೀಕ್ಷೆ ಬರೆದು ಹೆಚ್ಚಿನ ಅಂಕ ಉಳಿಸಿಕೊಳ್ಳುವ ವ್ಯವಸ್ಥೆ 2024ರಿಂದ ಇದೆ. ಆದರೆ ಆ ಪರೀಕ್ಷೆಯ ಅರ್ಜಿಯ ಕೊನೆಯ ದಿನ ಮುಗಿಯುವಾಗ ಕಡಿಮೆ ಅಂಕ ಬಂದ ಹುಡುಗ ಬೆಂಗಳೂರಿನ ಕಟ್ಟಡವೊಂದರಲ್ಲಿ ಸಿಮೆಂಟು ಹೊರುತ್ತಿದ್ದರೆ ಅದರಿಂದ ಅವನಿಗೇನು ಪ್ರಯೋಜನ? ಉಪನ್ಯಾಸಕರೇ, ಪಂಚಾಯಿತಿ ಸದಸ್ಯರೇ, ಊರಿನ ಓದಿದವರೇ, ಫಲಿತಾಂಶ ಬಂದ ವಾರ ನಿಮ್ಮೂರಿನಲ್ಲಿ ಫೇಲಾದವರ, ಕಡಿಮೆ ಅಂಕ ಬಂದವರ ಮನೆಗೆ ಹೋಗಿ, ಗುಳೆ ಹೋದವರಿಗೆ ಫೋನ್ ಮಾಡಿ, ಅರ್ಜಿ ತುಂಬಿಸಿ. ಕಾನೂನು ಬದಲಾಗುವವರೆಗೆ ಇಷ್ಟನ್ನಾದರೂ ನಾವು ಮಾಡಲೇಬೇಕು.