ಕೊಬ್ಬಿನ ಮಾತ್ರೆ ಸೋಂಕನ್ನೂ ತಡೆಯುವುದೇ?

ಕಳೆದ ಕಾರ್ತಿಕದಲ್ಲಿ ಮುತ್ತತ್ತಿಗೆ ಹೋಗಿದ್ದೆ. ಕಾವೇರಿ ದಡದ ಮುತ್ತೆತ್ತರಾಯನ ಗುಡಿಯ ಬಳಿ ಬುತ್ತಿ ಬಿಚ್ಚಿ ಉಂಡು, ಚೀಲದಿಂದ ಮಾತ್ರೆ ತೆಗೆದಾಗ ಪಕ್ಕದಲ್ಲಿ ಕುಳಿತಿದ್ದ ಊರಿನ ಹಿರಿಯರೊಬ್ಬರು ಅದನ್ನು ಗುರುತು ಹಿಡಿದರು. ಬೆಂಗಳೂರಿನಲ್ಲಿರುವ ಅವರ ಮಗನೂ ಅದನ್ನೇ ನುಂಗುತ್ತಾನಂತೆ. ‘ಸಾ, ಈ ಕೊಬ್ಬಿನ ಮಾತ್ರೆ ತಕೊಳ್ಳೋರ್ಗೆ ನಿಮೋನಿಯಾನೂ ಬರಾಕಿಲ್ವಂತೆ, ದಿಟವಾ? ಹಂಗಾರೆ ನಾನೂ ನುಂಗ್ಲಾ?’ ಎಂದು ಕೇಳಿದರು.

ಪ್ರಶ್ನೆ ನಕ್ಕು ತಳ್ಳಿಹಾಕುವಂಥದ್ದಲ್ಲ. ವೈದ್ಯವಿಜ್ಞಾನವೇ ಎರಡು ದಶಕಗಳಿಗೂ ಹೆಚ್ಚು ಕಾಲ ಇದನ್ನು ಕೇಳಿಕೊಂಡಿದೆ. ಸ್ಟ್ಯಾಟಿನ್ ಎಂಬ ಈ ಔಷಧ ವರ್ಗದ ಮೂಲವಿರುವುದು ಬೂಷ್ಟಿನಲ್ಲಿ. ಕೆಲವು ಶಿಲೀಂಧ್ರಗಳು ತಮಗೆ ಎದುರಾಗುವ ಇತರ ಸೂಕ್ಷ್ಮಜೀವಿಗಳನ್ನು ಹಿಮ್ಮೆಟ್ಟಿಸಲು, ಅವುಗಳ ಜೀವಕೋಶಕ್ಕೆ ಬೇಕಾದ ಸ್ಟೆರಾಲ್ ತಯಾರಿಕೆಯನ್ನೇ ತಡೆಯುವ ವಸ್ತುವನ್ನು ಸ್ರವಿಸುತ್ತಿರಬಹುದು ಎಂದು ಜಪಾನಿನ ವಿಜ್ಞಾನಿ ಅಕಿರಾ ಎಂಡೊ ಊಹಿಸಿದರು. ಸಾವಿರಾರು ಬಗೆಯ ಶಿಲೀಂಧ್ರಗಳನ್ನು ಜಾಲಾಡಿ, ಕ್ಯೋಟೊ ನಗರದ ಧಾನ್ಯದಂಗಡಿಯೊಂದರ ಅಕ್ಕಿಯಲ್ಲಿ ಬೆಳೆದ ಬೂಷ್ಟಿನಿಂದ 1973ರಲ್ಲಿ ಅವರು ಮೊದಲ ಸ್ಟ್ಯಾಟಿನ್ ಅನ್ನು ಬೇರ್ಪಡಿಸಿದರು. ಹೀಗೆ ಸೂಕ್ಷ್ಮಜೀವಿಗಳ ಕಾದಾಟದ ಆಯುಧವೆಂದು ಹುಡುಕಿದ್ದು ಮನುಷ್ಯನ ಹೃದಯದ ಔಷಧವಾಯಿತು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆ 2001ರಲ್ಲಿ ಲೋವಾಸ್ಟ್ಯಾಟಿನ್ ತಯಾರಿಕೆಗೆ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆ ಪಡೆದದ್ದೂ ಇದೇ ಹುದುಗುವಿಕೆಯ ವಿದ್ಯೆಯ ಬಲದಿಂದಲೇ.

ಈ ಔಷಧ ಕೊಲೆಸ್ಟರಾಲ್ ಇಳಿಸುವುದರ ಜೊತೆಗೆ ದೇಹದ ಉರಿಯೂತವನ್ನೂ ತಗ್ಗಿಸುತ್ತದೆ. ರಕ್ತಕ್ಕೆ ಸೋಂಕು ಹರಡಿ ರೋಗಿ ಸಾಯುವಾಗ ಅನೇಕ ವೇಳೆ ಕೊಲ್ಲುವುದು ಸೂಕ್ಷ್ಮಜೀವಿ ಮಾತ್ರವಲ್ಲ, ಅದರ ವಿರುದ್ಧ ದೇಹವೇ ಹೂಡುವ ಹದ್ದುಮೀರಿದ ಪ್ರತಿಕ್ರಿಯೆಯೂ ಹೌದು. ಆದ್ದರಿಂದ ಆಸೆ ಹುಟ್ಟಿದ್ದು ಸಹಜ. 2000ದ ನಂತರ ಆಸ್ಪತ್ರೆಯ ದಾಖಲೆಗಳನ್ನು ಜಾಲಾಡಿದ ಹಲವು ಅಧ್ಯಯನಗಳು, ಸ್ಟ್ಯಾಟಿನ್ ಸೇವಿಸುತ್ತಿದ್ದವರು ನ್ಯುಮೋನಿಯಾ ಮತ್ತು ರಕ್ತದ ಸೋಂಕಿನಿಂದ ಸಾಯುವುದು ಕಡಿಮೆ ಎಂದು ಹೇಳಿದವು.

ಅರ್ಥಶಾಸ್ತ್ರ ಓದಿದವನಿಗೆ ಇಲ್ಲಿ ಅನುಮಾನ ಬರಬೇಕು. ಸೇವೆಯಲ್ಲಿದ್ದಾಗ ಉಳಿತಾಯ ಯೋಜನೆಯೊಂದರ ಮೌಲ್ಯಮಾಪನ ನನ್ನ ಪಾಲಿಗೆ ಬಂದಿತ್ತು. ಸಂಘಕ್ಕೆ ಸೇರಿದ ಕುಟುಂಬಗಳು ಸೇರದವುಗಳಿಗಿಂತ ಹೆಚ್ಚು ಉಳಿಸಿವೆ, ಆದ್ದರಿಂದ ಯೋಜನೆ ಫಲಿಸಿದೆ ಎಂದು ಬರೆದು ಸಹಿ ಹಾಕಿದೆ. ಕಡತ ವಿಲೇವಾರಿಯಾಯಿತು. ಸಂಘಕ್ಕೆ ಸೇರಿದವರು ಮೊದಲಿನಿಂದಲೂ ಉಳಿಸುವ ಶಕ್ತಿ, ಸ್ವಭಾವ ಎರಡೂ ಇದ್ದವರು ಎಂಬುದು ಹೊಳೆದದ್ದು ತಡವಾಗಿ.

ಮಾತ್ರೆಯ ಕಥೆಯೂ ಅದೇ. ಮುತ್ತತ್ತಿಯಲ್ಲಿ ತಿಂಗಳು ತಪ್ಪದೆ ಸ್ಟ್ಯಾಟಿನ್ ನುಂಗುವವರು ಯಾರಿದ್ದಾರು? ಆನೆ ಅಡ್ಡಾಡುವ ಕಾಡಿನ ದಾರಿ ದಾಟಿ ಹಲಗೂರಿಗೋ ಮಳವಳ್ಳಿಗೋ ಹೋಗಬಲ್ಲವರು. ರಕ್ತಪರೀಕ್ಷೆ ಮಾಡಿಸಲು ಕಾಸಿರುವವರು. ವೈದ್ಯರ ಮಾತು ಕೇಳುವವರು. ಅಂಥವರು ಜ್ವರ ಬಂದರೂ ಬೇಗ ಆಸ್ಪತ್ರೆ ಸೇರುತ್ತಾರೆ. ನೆರೆಮನೆಯ ಕೂಲಿಯವನಿಗಿಂತ ಅವರು ಹೆಚ್ಚು ದಿನ ಬದುಕಿದರೆ ಅದರ ಶ್ರೇಯಸ್ಸು ಮಾತ್ರೆಗೋ, ಬಸ್ಸಿನ ಚಾರ್ಜಿಗೋ? ಕೆನಡಾದಲ್ಲಿ ನ್ಯುಮೋನಿಯಾದ 3,415 ರೋಗಿಗಳನ್ನು ಗಮನಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ತೋರಿಸಿತು: ಲಸಿಕೆ, ದೈಹಿಕ ಸಾಮರ್ಥ್ಯ ಮುಂತಾದವುಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದೊಡನೆ ಸ್ಟ್ಯಾಟಿನ್‌ನ ಲಾಭ ಮಾಯವಾಯಿತು.

ಇಂಥ ಗೊಂದಲ ಬಿಡಿಸಲು ಒಂದೇ ದಾರಿ, ಯಾರಿಗೆ ಔಷಧ, ಯಾರಿಗೆ ಬರಿಯ ಗುಳಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ ಪ್ರಯೋಗ. ಅಂಥ ಹಲವು ಪ್ರಯೋಗಗಳ ಸುಮಾರು 31 ಸಾವಿರ ಜನರ ಮಾಹಿತಿಯನ್ನು 2011ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಸೋಂಕು ತಗಲುವ ಪ್ರಮಾಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ಶ್ವಾಸಕೋಶ ತೀವ್ರವಾಗಿ ಹಾನಿಗೊಂಡ ರೋಗಿಗಳ ಮೇಲೆ ನಡೆದ ಎರಡು ಪ್ರಯೋಗಗಳು, ಅಮೆರಿಕದಲ್ಲಿ 745 ಮತ್ತು ಬ್ರಿಟನ್-ಐರ್ಲೆಂಡ್‌ಗಳಲ್ಲಿ 540 ಜನರದ್ದು, 2014ರಲ್ಲಿ ಪ್ರಯೋಜನವಿಲ್ಲವೆಂದು ವರದಿ ಮಾಡಿದವು.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿದೆ ಎನ್ನುವಂತಿಲ್ಲ. ಕೋವಿಡ್‌ನಿಂದ ಚಿಂತಾಜನಕ ಸ್ಥಿತಿಯಲ್ಲಿದ್ದ 2,684 ರೋಗಿಗಳ ಅಂತರರಾಷ್ಟ್ರೀಯ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಸಿಮ್ವಾಸ್ಟ್ಯಾಟಿನ್ ಉಪಯುಕ್ತವಾಗಿರುವ ಸಂಭಾವ್ಯತೆ ಶೇ 95.9. ಆದರೆ ಸಂಶೋಧಕರು ಮೊದಲೇ ಹಾಕಿಕೊಂಡಿದ್ದ ಗೆರೆ ಶೇ 99. ಗೆರೆ ಮುಟ್ಟುವ ಮೊದಲೇ ಸೋಂಕಿನ ಪ್ರಮಾಣ ಇಳಿದು, ಹೊಸ ರೋಗಿಗಳ ಸೇರ್ಪಡೆ ನಿಂತಿತು. ಈ ಗೆರೆಯ ಶಿಸ್ತನ್ನು ನಾನು ಗೌರವಿಸುತ್ತೇನೆ. ಹೈಡ್ರಾಕ್ಸಿಕ್ಲೋರೋಕ್ವಿನ್, ಐವರ್‌ಮೆಕ್ಟಿನ್‌ಗಳ ವಿಷಯದಲ್ಲಿ ನಾವು ಅದನ್ನು ಪಾಲಿಸಲಿಲ್ಲ. ಮೊದಲು ಹಂಚಿ, 2021ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಮಾರ್ಗಸೂಚಿಯಿಂದ ಕೈಬಿಟ್ಟೆವು.

ಬೇಸರದ ಸಂಗತಿಯೆಂದರೆ, ಉಳಿದ ಅನುಮಾನವನ್ನು ಪರಿಹರಿಸುವ ಆಸಕ್ತಿ ಮಾರುಕಟ್ಟೆಗಿಲ್ಲ. ಸ್ಟ್ಯಾಟಿನ್‌ಗಳ ಪೇಟೆಂಟ್ ಅವಧಿ ಬಹುಮಟ್ಟಿಗೆ ಮುಗಿದಿದೆ. ಎಲ್ಲರೂ ಅಗ್ಗವಾಗಿ ಮಾರುವ ವಸ್ತುವಿನ ಹೊಸ ಗುಣ ಹುಡುಕಲು ಯಾವ ಕಂಪನಿ ಕೋಟಿಗಟ್ಟಲೆ ಸುರಿದೀತು? ಆ ಖರ್ಚು ಸರ್ಕಾರದ್ದೇ. ಸಾಮರ್ಥ್ಯವಂತೂ ನಮ್ಮಲ್ಲಿದೆ. ಸ್ಟ್ಯಾಟಿನ್ ಸೇರಿದಂತೆ ಐದು ಔಷಧಗಳನ್ನು ಒಂದೇ ಗುಳಿಗೆಯಲ್ಲಿಟ್ಟು, ದೇಶದ 50 ಕೇಂದ್ರಗಳಲ್ಲಿ 2,053 ಜನರ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಸಂಯೋಜಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು. ಅಗ್ಗದ ಡೆಕ್ಸಾಮೆಥಾಸೋನ್ ಕೋವಿಡ್ ರೋಗಿಗಳ ಜೀವ ಉಳಿಸುತ್ತದೆಂದು 2020ರಲ್ಲಿ ಸಾಬೀತಾದದ್ದು ಬ್ರಿಟನ್ನಿನ ಸಾರ್ವಜನಿಕ ಹಣದಿಂದ ನಡೆದ ಇಂಥದೇ ಪ್ರಯೋಗದಲ್ಲಿ.

ಈ ನಡುವೆ ಓದುಗರು ತಿಳಿದಿರಬೇಕಾದ ಅಪಾಯವೊಂದಿದೆ. ಸಿಮ್ವಾಸ್ಟ್ಯಾಟಿನ್ ಸೇವಿಸುವವರಿಗೆ ಸೋಂಕಿಗೆಂದು ಕ್ಲಾರಿಥ್ರೋಮೈಸಿನ್ ಅಥವಾ ಎರಿಥ್ರೋಮೈಸಿನ್ ಕೊಟ್ಟರೆ, ಸ್ಟ್ಯಾಟಿನ್ ರಕ್ತದಲ್ಲಿ ಶೇಖರವಾಗಿ ಸ್ನಾಯುಗಳು ಒಡೆದು, ಮೂತ್ರಪಿಂಡಕ್ಕೂ ಹಾನಿಯಾಗಬಹುದು. ಅಟೋರ್ವಾಸ್ಟ್ಯಾಟಿನ್ ಸೇವಿಸುವವರಿಗೂ ಎಚ್ಚರಿಕೆ ಬೇಕು. ಔಷಧದಂಗಡಿಯಲ್ಲಿ ಕೇಳಿ ಆಂಟಿಬಯೋಟಿಕ್ ಕೊಳ್ಳುವ ನಮ್ಮ ರೂಢಿಯಲ್ಲಿ ಇದು ಪುಸ್ತಕದ ಎಚ್ಚರಿಕೆಯಾಗಿ ಉಳಿಯುವುದಿಲ್ಲ.

ಮುತ್ತತ್ತಿಯ ಹಿರಿಯರಿಗೆ ನಾನು ಹೇಳಿದ್ದಿಷ್ಟು: ಹೃದಯಕ್ಕೆಂದು ವೈದ್ಯರು ಬರೆದಿದ್ದರೆ ಮಗ ನುಂಗಲಿ, ತಾನಾಗಿ ನಿಲ್ಲಿಸುವುದು ಬೇಡ, ಜ್ವರಕ್ಕೆ ಔಷಧ ಬರೆಸಿಕೊಳ್ಳುವಾಗ ಈ ಮಾತ್ರೆಯ ಪಟ್ಟಿಯನ್ನೂ ವೈದ್ಯರಿಗೆ ತೋರಿಸಲಿ. ನೀವು ಜ್ವರದ ಭಯಕ್ಕೆ ಇದನ್ನು ನುಂಗಬೇಡಿ, ನ್ಯುಮೋನಿಯಾಕ್ಕೆ ಲಸಿಕೆಯಿದೆ, ವೈದ್ಯರನ್ನು ಕೇಳಿ ಎಂದೆ. ‘ಸರ್ಕಾರಿ ಆಸ್ಪತ್ರೇಲಿ ಹಾಕ್ತಾರಾ?’ ಎಂದರು. ಆ ಲಸಿಕೆ 2021ರಲ್ಲಿ ದೇಶದಾದ್ಯಂತ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ್ದು ಶಿಶುಗಳಿಗಾಗಿ. ಎಪ್ಪತ್ತು ದಾಟಿದ ಅವರ ಹೆಸರು ಆ ಪಟ್ಟಿಯಲ್ಲಿಲ್ಲ ಎಂದು ಹೇಳಬೇಕಾಯಿತು.